ಆಣೆ ಫಲಿಸಿದ ನಾಲಗೆ

ದೇವರುಗಳು ಇನ್ನೂ ಸಂತೆಗೆ ಬಂದು ಹೋಗುತ್ತಿದ್ದ ಕಾಲದಲ್ಲಿ ಒಂದು ಕೆರೆಯ ದಂಡೆಯ ಮೇಲೆ ಒಂದು ಜಿಂಕೆ ಇತ್ತಂತೆ. ಕೆರೆಯ ಒಡೆಯ ಬೆಳೆಸಿದ್ದ ಹುಲ್ಲನ್ನು ಯಾರೋ ಮೇಯ್ದುಬಿಟ್ಟರು. ಕಾಡಿನ ಹಿರಿಯರೆಲ್ಲ ಜಿಂಕೆಯ ಕಡೆಗೇ ನೋಡಿದರು. ಜಿಂಕೆ ಮೊಣಕಾಲುದ್ದ ನೀರಿಗಿಳಿದು, “ನಾನು ಮೇಯ್ದಿದ್ದರೆ ಈ ಕೆರೆ ಬತ್ತಿಹೋಗಲಿ” ಎಂದಿತು. ಅದು ಬೇಸಿಗೆ. ಕೆರೆ ಬತ್ತಿತು. “ನೋಡಿದಿರಾ?” ಎಂದಿತು ನರಿ. ಎಲ್ಲಕ್ಕಿಂತ ಬೆರಗಿನ ಮಾತೆಂದರೆ, ಜಿಂಕೆಯೂ ತನ್ನ ಹೊಟ್ಟೆಯನ್ನು ತಾನೇ ಮೂಸಿ ನೋಡಿಕೊಂಡಿತಂತೆ. ಅದಕ್ಕೂ ಆ ಹುಲ್ಲಿನ ವಾಸನೆ ಬಂದಂತಾಯಿತಂತೆ.

ಕಾಂಚನಾಳ ಅಜ್ಜಿ ಕತೆಯನ್ನು ಇಲ್ಲಿಗೇ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚಲು ಕೂರುತ್ತಿದ್ದಳು. ಮುಂದೇನಾಯ್ತು ಎಂದು ಕೇಳಿದರೆ, “ಜಿಂಕಿಗೇ ತಿಳೀಲಾರದ್ದು ನನಗೇನು ತಿಳೀತದವ್ವಾ” ಎನ್ನುತ್ತಿದ್ದಳು.

ಹೊರಗಿನಿಂದ ಚಿಲಕ ಬಿದ್ದ ಸದ್ದಿಗೆ ಕಾಂಚನಾ ಬೆಚ್ಚಿ ತಿರುಗಿದಳು.

“ಸಾಬವ್ವಾ, ನನ್ನನ್ನ ಯಾಕ ಒಳಗ ಹಾಕಿದ್ರಿ?”

“ನೀನೇ ಅಂದಿದ್ದಿಯಲ್ಲಾ ವಕೀಲವ್ವಾ.” ತಗಡಿನ ಬಾಗಿಲಿನ ಆಚೆಯಿಂದ ಮುದುಕಿಯ ದನಿ ಬಂತು. “ಅಕಿ ಬಾಯಿಲೇ ಖರೇ ಹೊರಡಿಸ್ತೀನಿ, ಹೊರಡಲಿಲ್ಲಂದ್ರ ನಾನೇ ಪೊಲೀಸ್ರನ್ನ ಕರೀತೀನಿ ಅಂತ. ಹೊರಡ್ಲಿ. ಆಮ್ಯಾಲ ಚಿಲಕ ತೆಗೀತೀನಿ.”

“ಅದು ಮಾತಿಗೆ ಅಂದದ್ದು…”

“ಮಾತಿಗೆ ಅಂದದ್ದು ಮಾತಲ್ಲೇನು?”

ಇದಕ್ಕೆ ಕಲ್ಯಾಣದ ಕೋರ್ಟಿನಲ್ಲಿ ಯಾವ ನ್ಯಾಯಾಧೀಶರೂ ಉತ್ತರ ಕೊಡಲಾರರು ಎನ್ನಿಸಿತು ಕಾಂಚನಾಳಿಗೆ. ಸೀನಿಯರ್ ವಕೀಲರ ಬ್ಯಾಗು ಹೊತ್ತು ತಿರುಗುವ ಜೂನಿಯರ್ ಅವಳು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು. ಮುಂಜಾನೆ ಲೋಕಲ್ ಹಿಡಿದು ಕಲ್ಯಾಣದಲ್ಲಿ ಇಳಿದಾಗ, ಮಧ್ಯಾಹ್ನದ ಹೊತ್ತಿಗೆ ವಿಠ್ಠಲವಾಡಿಯ ಹಳಿಯ ಪಕ್ಕದ ಒಂದು ತಗಡಿನ ಕೋಣೆಯಲ್ಲಿ ಬಂದಿಯಾಗುತ್ತೇನೆಂದು ಎಣಿಸಿರಲಿಲ್ಲ.

ಒಳಗೆ ಕುಲುಮೆಯ ಕಾವು. ಗೋಡೆಯೂ ತಗಡು, ಮಾಡೂ ತಗಡು. ಕಿಟಕಿಯೆಂಬುದು ಇಟ್ಟಿಗೆಯಷ್ಟು ಒಂದು ತೂತು. ಮೂಲೆಯಲ್ಲಿ ಒಲೆಯ ಹತ್ತಿರ, ಮುಖದ ಮೇಲೆ ಸೆರಗೆಳೆದುಕೊಂಡು ಮರಗಮ್ಮ ಕೂತಿದ್ದಳು.

ಅವಳ ಗಂಡ ಯಂಕಣ್ಣ, ಕಲ್ಯಾಣ ಯಾರ್ಡಿನ ಹಮಾಲಿ ಗುಂಪನ್ನು ನಡೆಸುವ ಮುಕಾದಮ, ಹೋದ ವಾರ ಹಳಿಯ ಮೇಲೆ ತೂರಾಡುತ್ತ ಹೋಗಿ ರೈಲಿಗೆ ಸಿಕ್ಕು ಸತ್ತಿದ್ದ. ಹೊಟ್ಟೆಯಲ್ಲಿ ದತ್ತೂರಿ ಬೀಜದ ಪುಡಿ ಸಿಕ್ಕಿತ್ತು. ಕೊನೆಯ ಬಾರಿ ಚಹಾ ಕೊಟ್ಟವಳು ಹೆಂಡತಿ.

ಪೊಲೀಸರಿಗೆ ಅಷ್ಟು ಸಾಕಾಗಿರಲಿಲ್ಲ. ದುಡಿಯಲು ಕರ್ನಾಟಕದಿಂದ ಬಂದವರ ಈ ಓಣಿಗೆ ಸಾಕಾಗಿತ್ತು. ಊರ ಕಡೆಯ ಪದ್ಧತಿಯಂತೆ ನಿನ್ನೆ ಸಂಜೆ ಮೈಲಾರಲಿಂಗನ ಭಂಡಾರದ ತಟ್ಟೆ ಹೊರಗೆ ಬಂತು. ತಟ್ಟೆ ಹಿಡಿದವನು ಓಣಿಯ ನ್ಯಾಯ ನೋಡುವ ಪಂಚ ಶಿವರಾಯ. ಯಂಕಣ್ಣನ ಜೊತೆ ಅವತ್ತು ಉಂಡವರು, ಕುಡಿದವರು ಆ ಅರಿಸಿನದ ಮೇಲೆ ಕೈಯಿಟ್ಟು ಆಣೆ ಮಾಡಬೇಕು. ಮರಗಮ್ಮಳ ಪರವಾಗಿ ಸೀನಿಯರ್ ಕಳಿಸಿದ್ದ ಕಾಂಚನಾ ಅಲ್ಲೇ ನಿಂತು ನೋಡಿದ್ದಳು.

ಯಂಕಣ್ಣನ ತಾಯಿ ಸಾಬವ್ವ ಮಾಡಿದಳು. ಜೊತೆಗಾರ ರೇವಣಸಿದ್ದ ಮಾಡಿದ. ಕೊನೆಗೆ ಮರಗಮ್ಮ, “ನನ್ನ ಕೈಲೇ ಅವರಿಗೆ ಕೇಡಾಗಿದ್ರ ನನ್ನ ನಾಲಗಿ ಬಿದ್ದುಹೋಗ್ಲಿ” ಎಂದಳು.

ಬೆಳಗಾಗುವಷ್ಟರಲ್ಲಿ ಅವಳ ನಾಲಗೆ ಬಿದ್ದುಹೋಗಿತ್ತು.

ಕಾಂಚನಾ ಅವಳ ಎದುರು ಕೂತಳು. “ಮರಗಮ್ಮ, ನೀ ಕೊಂದಿಯೇನು?”

ಸೆರಗು ಮೇಲೆ ಕೆಳಗೆ ಆಡಿತು. ಹೌದು.

“ಏನು ಹಾಕಿದಿ?”

ಸೆರಗು ಅತ್ತಿತ್ತ ಆಡಿತು. ಗೊತ್ತಿಲ್ಲ.

“ಯಾವಾಗ ಹಾಕಿದಿ?”

ಗೊತ್ತಿಲ್ಲ.

“ದತ್ತೂರಿ ಎಲ್ಲಿಂದ ತಂದಿ? ಯಾಕ ಕೊಂದಿ? ಏನೂ ಗೊತ್ತಿಲ್ಲ. ಕೊಂದದ್ದು ಮಾತ್ರ ಗೊತ್ತದ?”

ಮರಗಮ್ಮ ಸೆರಗು ಸರಿಸಿ ಬಾಯಿ ತೆರೆದು ತೋರಿಸಿದಳು. ನಾಲಗೆ ಒಣಗಿದ ಚರ್ಮದಂತೆ ಅಂಗುಳಕ್ಕೆ ಹತ್ತಿತ್ತು. ಅದನ್ನು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಎದೆಗೆ ಒತ್ತಿಕೊಂಡಳು. ಇದೇ ಹೇಳುತ್ತಿದೆಯಲ್ಲ, ಇನ್ನೇನು ಗೊತ್ತಿರಬೇಕು ಎಂಬಂತೆ.

ಸಾಕ್ಷಿಗಳು ಸುಳ್ಳು ಹೇಳುವುದನ್ನು ಕಾಂಚನಾ ನೋಡಿದ್ದಳು. ತನ್ನ ಕೊರಳಿಗೆ ತಾನೇ ನಂಬಿಕೆಯಿಂದ ಉರುಳು ಬಿಗಿದುಕೊಳ್ಳುವವಳನ್ನು ನೋಡಿರಲಿಲ್ಲ.

“ಶಿವರಾಯಣ್ಣ ಹವಾಲ್ದಾರಗ ಹೇಳಿ ಕಳಿಸ್ಯಾನ,” ಹೊರಗಿನಿಂದ ಸಾಬವ್ವ ಕೂಗಿದಳು. “ಊಟ ಮಾಡಿ ಬರ್ತಾನಂತ. ಲಗೂ ಮಾಡು.”

ಮರಗಮ್ಮ ಹವಾಲ್ದಾರನ ಮುಂದೆ ತಪ್ಪೊಪ್ಪಿಕೊಂಡರೆ ಕಾಂಚನಾಳಿಗೆ ಅಷ್ಟು ಭಯವಿರಲಿಲ್ಲ. ಪೊಲೀಸರಿಗೆ ಹೇಳಿದ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೆ ತನ್ನವರ ಎದುರು, ಪಂಚನ ಎದುರು, ಯಾರೂ ಹೊಡೆಯದೆ ಬಡಿಯದೆ ತಾನಾಗಿ ಒಪ್ಪಿದ್ದು ನಿಂತರೂ ನಿಂತೀತು. ಬಾಗಿಲು ತೆರೆದಾಗ ಈ ಹೆಣ್ಣು ಶಿವರಾಯನ ಮುಂದೆ ಒಮ್ಮೆ ತಲೆಯಾಡಿಸಿದರೆ ಮುಗಿಯಿತು.

“ಮರಗಮ್ಮ, ಇಲ್ಲಿ ಕೇಳು. ಲೋಕಲ್ ಬಂದ್ ಆದ್ರ ರಿಕ್ಷಾದವ್ರು ಡಬಲ್ ಕೇಳ್ತಾರ. ಹೌದಲ್ಲೋ?”

ಮರಗಮ್ಮ ಪಿಳಿಪಿಳಿ ನೋಡಿದಳು. ತಲೆಯಾಡಿಸಿದಳು.

“ಇವತ್ತು ಕಲ್ಯಾಣ ಸ್ಟೇಷನ್ನಿಂದ ಇಲ್ಲಿಗೆ ಬರಾಕ ರಿಕ್ಷಾದವ ನನಗ ಡಬಲ್ ಕೇಳಿದ. ಹಂಗಾರ ಲೋಕಲ್ ಬಂದ್ ಆಗ್ಯದೇನು?”

ಅಷ್ಟರಲ್ಲಿ ಕರ್ಜತ್ ಕಡೆಯ ಗಾಡಿ ಬಂತು. ತಗಡಿನ ಗೋಡೆ ಗಡಗಡ ನಡುಗಿತು, ಗೂಟಕ್ಕೆ ಹಾಕಿದ ಚಿಮಣಿ ತೂಗಿತು. ಗಾಡಿ ದಾಟಿತು.

“ಗಾಡಿ ಬಂದಿಲ್ಲ ಅಂತೀಯೇನು?” ಎಂದಳು ಕಾಂಚನಾ. “ರಿಕ್ಷಾದವಗ ಡಬಲ್ ಕೇಳಾಕ ಸಾವಿರ ಕಾರಣ ಅದಾವ. ನಾಲಗಿ ಬೀಳಾಕೂ ಹಂಗ. ಕೊಂದ್ರ ನಾಲಗಿ ಬೀಳ್ಲಿ ಅಂದಿ. ನಾಲಗಿ ಬಿದ್ರ ಕೊಂದೀನಿ ಅಂತ ಅಂದಿಲ್ಲ. ಎರಡೂ ಒಂದೇ ಮಾತಲ್ಲ, ತಂಗಿ.”

ಮರಗಮ್ಮಳ ತುಟಿಯ ಅಂಚಿನಲ್ಲಿ ಏನೋ ಸುಳಿಯಿತು. ಮರುಕ್ಷಣ ಆರಿತು. ಅವಳು ಎರಡೂ ಕೈಯೆತ್ತಿ ಮಾಡಿನ ಕಡೆಗೆ ಮುಗಿದು, ಕಾಂಚನಾಳನ್ನು ನೋಡಿ ತಲೆಯಲ್ಲಾಡಿಸಿದಳು. ಮೈಲಾರಲಿಂಗ ರಿಕ್ಷಾದವನಲ್ಲ.

ಹೌದು, ಅದೂ ನಿಜವೇ. ಕಾಂಚನಾ ಗೋಡೆಗೆ ಒರಗಿದಳು. ಬೆನ್ನು ಸುಟ್ಟಿತು, ನೆಟ್ಟಗೆ ಕೂತಳು. ತರ್ಕ ಸರಿಯಿತ್ತು. ಆದರೆ ಸರಿಯಾದ ತರ್ಕಕ್ಕೆ ಈ ಕೋಣೆಯಲ್ಲಿ ಬಾಗಿಲಿರಲಿಲ್ಲ.

ಅವಳ ಸೀನಿಯರ್ ಹೇಳುತ್ತಿದ್ದ ಮಾತೊಂದಿತ್ತು. ಯಾವುದೇ ಹೇಳಿಕೆ ಕೈಗೆ ಬಂದರೆ, ಅದು ನಿಜವೋ ಸುಳ್ಳೋ ಎಂದು ಮೊದಲೇ ಕೇಳಬೇಡ. ಅದು ಸುಳ್ಳಾಗಿದ್ದರೆ ಲೋಕದಲ್ಲಿ ಏನು ಬೇರೆಯಾಗಿರುತ್ತಿತ್ತು, ಅದನ್ನು ಕೇಳು. ಏನೂ ಬೇರೆಯಾಗುವುದಿಲ್ಲ ಎಂದರೆ ಆ ಹೇಳಿಕೆ ಏನನ್ನೂ ಹೇಳುತ್ತಿಲ್ಲ.

ಇದು ದೇವರು ಕಿತ್ತುಕೊಂಡ ನಾಲಗೆ. ಅಲ್ಲದಿದ್ದರೆ ಏನು ಬೇರೆಯಾಗಿರುತ್ತಿತ್ತು?

“ಬಾಯಿ ತೆರಿ,” ಎಂದಳು. “ಅಗಲ. ನೀರು ಕುಡಿದಿಯೇನು ಮುಂಜಾನಿಂದ?”

ಮರಗಮ್ಮ ಬರಿದಾದ ಕೊಡ ತೋರಿಸಿದಳು. ಕೊಡವೆಲ್ಲ ಕುಡಿದಿದ್ದಾಳೆ. ಆದರೂ ಬಾಯಿ ಹೊಟ್ಟು.

“ಮುಂಜಾನಿಗಿಂತ ಈಗ ಸ್ವಲ್ಪ ಸಡಿಲ ಆಗ್ಯದ?”

ಮರಗಮ್ಮ ಯೋಚಿಸಿದಳು. ಹೌದು, ಸ್ವಲ್ಪ.

ಶಾಪ ಮಧ್ಯಾಹ್ನದ ಹೊತ್ತಿಗೆ ಸಡಿಲವಾಗುತ್ತದೆಯೇ? ಕಾಂಚನಾ ಅವಳ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಮರಗಮ್ಮ ಕಣ್ಣು ಕಿವುಚಿಕೊಂಡಳು, ಬೆಳಕು ಚುಚ್ಚಿದವಳಂತೆ. ರೆಪ್ಪೆ ಬಿಡಿಸಿ ನೋಡಿದರೆ ಕಣ್ಣಿನ ಕಪ್ಪು ಪಾಪೆ ಅಗಲವಾಗಿ ಹರಡಿ, ಸುತ್ತಲಿನ ಕಂದು ಬಣ್ಣವನ್ನೆಲ್ಲ ನುಂಗಿಬಿಟ್ಟಿತ್ತು.

ಈ ಕಣ್ಣಿನ ಬಗ್ಗೆ ಅವಳು ಎಲ್ಲೋ ಕೇಳಿದ್ದಳು.

ಆಸ್ಪತ್ರೆಯ ಡಾಕ್ಟರು ಯಂಕಣ್ಣನ ಹೆಣದ ಬಗ್ಗೆ ಹೇಳಿದ್ದರು: ಬಾಯಿ ಒಣಗಿ ಹೊಟ್ಟಾಗಿತ್ತು, ಪಾಪೆ ಇಷ್ಟಗಲ ತೆರೆದಿತ್ತು. ಸಾಯುವ ಮುನ್ನ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿದ್ದ ಎಂದು ಗ್ಯಾಂಗ್‌ಮನ್ ಒಬ್ಬ ಹೇಳಿದ್ದ.

“ಮರಗಮ್ಮ, ರಾತ್ರಿ ಗೋಡಿ ಮ್ಯಾಲ ಏನರ ಕಂಡ್ತೇನು? ಇರಲಾರದ್ದು?”

ಮರಗಮ್ಮ ತಲೆಯಾಡಿಸಿದಳು. ಎರಡು ಬೆರಳನ್ನು ಇರುವೆಯಂತೆ ನೆಲದ ಮೇಲೆ ಓಡಿಸಿ ತೋರಿಸಿದಳು. ಓಡಿಸಿದಳು, ಓಡಿಸಿದಳು, ನಿಲ್ಲಿಸಲಿಲ್ಲ. ಗೋಡೆಯ ತುಂಬ.

ಗಂಡನ ರೋಗ ಹೆಂಡತಿಗೆ. ಒಂದೇ ವಿಷ.

“ಆಣಿ ಆದ ಮ್ಯಾಲ ಏನು ಉಂಡಿ?”

ಇಲ್ಲ. ಉಂಡಿಲ್ಲ.

“ಚಾ ಕುಡಿದಿ?”

ಇಲ್ಲ.

“ಏನೂ ಬಾಯಿಗೆ ಹಾಕ್ಕೊಂಡಿಲ್ಲ?”

ಮರಗಮ್ಮಳ ಕಣ್ಣು ಒಂದು ಸಲ ಹಾಸಿಗೆಯ ಸುರುಳಿಯ ಕಡೆಗೆ ಹೋಗಿ ಬಂತು. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ನೋಟ.

ಕಾಂಚನಾ ಸುರುಳಿ ಬಿಚ್ಚಿದಳು. ಒಳಗೆ ಚಂಚಿ. ಎಲೆ, ಅಡಿಕೆ, ತಂಬಾಕು, ಸುಣ್ಣದ ಡಬ್ಬಿ, ಒಳಗೂ ಹೊರಗೂ ಖಾನೆಗಳನ್ನು ಹೊಲಿದ, ಬಳಸಿ ಬಳಸಿ ಎಣ್ಣೆಗಪ್ಪಾದ ಬಟ್ಟೆಯ ಚೀಲ. ಯಂಕಣ್ಣನದು. ನಿನ್ನೆ ಆಣೆ ಮುಗಿದ ಮೇಲೆ ಶಿವರಾಯ ಅದನ್ನು ಎಲ್ಲರೆದುರಿಗೆ ಮರಗಮ್ಮಳ ಉಡಿಗೆ ಹಾಕಿದ್ದ. ಆಸ್ಪತ್ರೆಯವರು ಹೆಣದ ಸಂಗಡ ಕೊಟ್ಟದ್ದು, ಇಟ್ಟುಕೋ ತಂಗಿ ಎಂದಿದ್ದ.

“ರಾತ್ರಿ ಅವರ ನೆನಪಾಗಿ ಇದರಾಗಿಂದು ತಂಬಾಕು ಹಾಕ್ಕೊಂಡಿ.”

ಮರಗಮ್ಮ ಮುಖ ಮುಚ್ಚಿಕೊಂಡಳು. ಗಂಡ ಸತ್ತ ವಾರಕ್ಕೆ ಗಂಡನ ಚಂಚಿಯಿಂದ ತಂಬಾಕು ತಿಂದ ಹೆಂಗಸು. ಕೊಲೆಯನ್ನು ಹೆದರದೆ ಒಪ್ಪಿದವಳಿಗೆ ಇದನ್ನು ಒಪ್ಪಲು ನಾಚಿಕೆ.

ಕಾಂಚನಾ ಚಂಚಿಯನ್ನು ಅಂಗೈ ಮೇಲೆ ಸ್ವಲ್ಪ ಕೊಡವಿದಳು. ತಂಬಾಕಿನ ನಡುವೆ ಜಜ್ಜಿದ ಮೆಣಸಿನಕಾಯಿ ಬೀಜದಂಥ ಚೂರುಗಳು ಬಿದ್ದವು. ತಂಬಾಕಿಗೆ ಮೆಣಸಿನ ಬೀಜ ಯಾರು ಹಾಕುತ್ತಾರೆ?

“ಮರಗಮ್ಮ,” ಅವಳ ದನಿ ತಾನಾಗಿ ತಗ್ಗಿತು. “ಇದರಾಗ ವಿಷ ಬೆರೆಸಿದಾಕಿ ನೀನೇ ಆಗಿದ್ರ, ನಿನ್ನೆ ಇದನ್ನ ಬಾಯಿಗೆ ಹಾಕ್ಕೊಂತಿದ್ದೇನು?”

ಮರಗಮ್ಮ ಕೈ ತೆಗೆದಳು.

“ನೀ ಹಾಕ್ಕೊಂಡಿ. ಹಂಗಾರ ಬೆರೆಸಿದಾಕಿ ನೀ ಅಲ್ಲ. ನಿನ್ನ ನಾಲಗಿ ಸುಳ್ಳು ಹೇಳಾಕತ್ತಿಲ್ಲ. ನೀ ಕೊಂದಿಲ್ಲ ಅಂತ ಅದು ಮುಂಜಾನಿಂದ ಹೇಳಾಕತ್ತದ. ನಾವೇ ತಿರುಗಾಮುರುಗಾ ಕೇಳಿಸಿಕೊಂಡ್ವಿ.”

ಹೆಣ್ಣು ಬಹಳ ಹೊತ್ತು ತನ್ನ ಕೈಗಳನ್ನೇ ನೋಡುತ್ತ ಕೂತಳು. ಅಂಗೈ ನೋಡಿದಳು, ಹಿಂಗೈ ನೋಡಿದಳು, ಯಾರದೋ ಕೈಯನ್ನು ತಿರುಗಿಸಿ ಕೊಟ್ಟಂತೆ. ಆಮೇಲೆ ಅತ್ತಳು. ಕಣ್ಣೀರು ಮಾತ್ರ ಬರಲಿಲ್ಲ; ವಿಷ ಅದನ್ನೂ ಒಣಗಿಸಿತ್ತು.

ಕಾಂಚನಾ ಬಾಗಿಲು ಬಡಿದಳು. “ಚಿಲಕ ತೆಗೀರಿ. ಶಿವರಾಯಣ್ಣನ್ನ ಕರೀರಿ. ರೇವಣಸಿದ್ದನೂ ಇರ್ಲಿ.”

“ಖರೇ ಹೊರಟಿತೇನು?”

“ಹೊಸ್ತಿಲ ತನಕ ಬಂದದ.”

ಬಾಗಿಲು ತೆರೆದಾಗ ಬಿಸಿಲು ಕಪಾಳಕ್ಕೆ ಹೊಡೆದಂತಾಯಿತು. ಓಣಿಯೇ ನೆರೆದಿತ್ತು. ಶಿವರಾಯ ಹಗ್ಗದ ಮಂಚದ ಮೇಲೆ ಭಂಡಾರದ ತಟ್ಟೆ ಹಿಡಿದು ಕೂತಿದ್ದ. ಬಿಳಿ ರುಮಾಲು, ಬಿಳಿ ಮೀಸೆ, ಮೆಲುದನಿ. ಕಾಂಟ್ರಾಕ್ಟರುಗಳಿಗೆ ಆಳು ಒದಗಿಸುವವನು ಅವನೇ; ಇಲ್ಲಿಯವರಿಗೆ ಕೆಲಸ ಕೊಡಿಸುವುದೂ, ಹೆಣಕ್ಕೆ ನಾಲ್ಕು ಹೆಗಲು ಕೂಡಿಸುವುದೂ ಅವನೇ. ರೇವಣಸಿದ್ದ ಹೆಗಲ ಮೇಲಿನ, ಮೂಟೆ ಎತ್ತುವ ಹಮಾಲಿ ಕೊಂಡಿಯೊಡನೆ ಆಟವಾಡುತ್ತ ಬೇಲಿಗೆ ಆತುಕೊಂಡಿದ್ದ. ಮರಗಮ್ಮ ಹೊಸ್ತಿಲ ಒಳಗೇ ನಿಂತಳು.

ಕಾಂಚನಾ ನೇರ ರೇವಣಸಿದ್ದನ ಕಡೆಗೆ ತಿರುಗಿದಳು. “ರೇವಣಸಿದ್ದಣ್ಣ, ನಿನ್ನೆ ನೀ ಏನಂತ ಆಣಿ ಮಾಡಿದಿ?”

“ಎಲ್ಲಾರೂ ಮಾಡಿದ್ದು.”

“ಅಲ್ಲ. ಸಾಬವ್ವ, ನನ್ನಿಂದ ಮಗಗ ಕೇಡಾಗಿದ್ರ ಅಂದ್ಲು. ಮರಗಮ್ಮ, ನನ್ನ ಕೈಲೇ ಕೇಡಾಗಿದ್ರ ಅಂದ್ಲು. ನೀ ಮಾತ್ರ, ಅವನ ಚಾದಾಗ ನಾ ಏನರ ಹಾಕಿದ್ರ ಅಂದಿ.”

“ಹಾಕಿಲ್ಲ.”

“ಹಾಕಿಲ್ಲ, ಒಪ್ಪಿದೆ. ಅಷ್ಟು ಸಣ್ಣ ಮಾತಿಗೆ ಯಾಕ ಆಣಿ ಮಾಡಿದಿ? ದೊಡ್ಡ ಮಾತಿಗೆ ಕೈ ಯಾಕ ಬರಲಿಲ್ಲ?”

“ವಕೀಲವ್ವ, ಒಂದು ಆಣಿಗೆ ಎಷ್ಟು ಫೀಸು ನಿಂದು?” ಯಾರೋ ನಕ್ಕರು. ರೇವಣಸಿದ್ದ ನಗಲಿಲ್ಲ.

“ಫೀಸು ಬ್ಯಾಡ. ಕೈ ಇಡು. ಯಂಕಣ್ಣಗ ನನ್ನಿಂದ ಯಾವ ಕೇಡೂ ಆಗಿಲ್ಲ ಅನ್ನು.”

ಶಿವರಾಯ ತಟ್ಟೆಯನ್ನು ಸ್ವಲ್ಪ ಮುಂದೆ ಚಾಚಿದ. ರೇವಣಸಿದ್ದನ ಕೈ ಅರಿಸಿನದ ಹತ್ತಿರ ಹೋಯಿತು. ಅಲ್ಲೇ ನಿಂತಿತು. ದೇವರಿಗೆ ಹೆದರುವ ಕೈ ಅದು; ಸುಳ್ಳಿನ ಮೇಲೆ ಇಳಿಯಲಾರದು.

“ಅಂವಾ ತೂರಾಡೋದು ನೋಡಿದೆ,” ಎಂದ ಕೊನೆಗೆ, ಯಾರ ಮುಖವನ್ನೂ ನೋಡದೆ. “ಹಳಿ ಮ್ಯಾಲ. ಕುಡಿದಾನ ಅನ್ಕೊಂಡೆ. ಮುಕಾದಮಕಿ ಸಲುವಾಗಿ ಮುಂಜಾನಿ ಜಗಳ ಆಗಿತ್ತು. ಸಾಯ್ಲಿ ಮಗ ಅಂತ… ತಿರುಗಿ ನಡೆದೆ. ಕೈ ಹಿಡಿದು ಎಳೆದಿದ್ರ ಬದುಕ್ತಿದ್ದ.”

ಸಾಬವ್ವ ನೆಲಕ್ಕೆ ಕುಸಿದಳು. “ಏ ಭಾಡ್ಯಾ, ನನ್ನ ಮನೀ ಅನ್ನ ಉಂಡವನೇ…”

“ನಾ ಹಾಕಿಲ್ಲವ್ವಾ! ನೋಡಿ ಬಿಟ್ಟೆ. ಅಷ್ಟೇ. ಅದಕ್ಕೇ ಆ ದೊಡ್ಡ ಮಾತು ಬರಲಿಲ್ಲ ಬಾಯಿಗೆ.”

ಕಾಂಚನಾಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ. ಸತ್ಯವನ್ನು ತನಗೆ ಬೇಕಾದಷ್ಟೇ ಕತ್ತರಿಸಿ ಹೇಳಿದ್ದ. ಅವಳು ಚಂಚಿಯನ್ನು ಎತ್ತಿ ಹಿಡಿದಳು.

“ವಿಷ ಚಾದಾಗ ಇರಲೇ ಇಲ್ಲ. ಇದರಾಗ ಅದ, ತಂಬಾಕಿನಾಗ. ನಿನ್ನೆ ಮರಗಮ್ಮ ಇದನ್ನ ತಿಂದಾಳ, ಅದಕ್ಕೇ ನಾಲಗಿ ಹಿಡಿದದ. ಬೆರೆಸಿದವ್ರು ಇದನ್ನ ತಿನ್ನಂಗಿಲ್ಲ. ಅಕಿ ತಿಂದಾಳ. ಅಕಿ ಬೆರೆಸಿಲ್ಲ. ಪಂಚರೇ, ನೀವೇ ನೋಡ್ರಿ.”

ಅವಳು ಚಂಚಿಯನ್ನು ಭಂಡಾರದ ತಟ್ಟೆಯ ಮೇಲಿಟ್ಟಳು. ಎಲ್ಲರ ಎದುರು, ದೇವರ ಎದುರು, ಸಾಕ್ಷಿಗೆ.

ಇಟ್ಟ ಮೇಲೆ ರೇವಣಸಿದ್ದ ಕೇಳಿದ. “ಇದೆಲ್ಲಿಂದ ಬಂತು?”

“ಹೆಣದ ಸಂಗಡ ಬಂದದ್ದು,” ಎಂದ ಶಿವರಾಯ, ಮೆಲ್ಲಗೆ.

“ಹ್ಯಾಂಗ? ಅವತ್ತು ಅವನ ಹತ್ರ ಚಂಚೀನೇ ಇರಲಿಲ್ಲ. ಮುಂಜಾನಿ ನನಗೇ ತಂಬಾಕು ಬೇಡಿದ. ಚಂಚಿ ಎಲ್ಲೋ ಬಿಟ್ಟು ಬಂದೀನಿ, ಇಸ್ಕೊಂಡು ಬರಬೇಕು ಅಂದ. ಹಳಿ ಮ್ಯಾಲ ನೋಡಿದಾಗ ಧೋತರ ಬಿಚ್ಚಿ ಜೋತಾಡ್ತಿತ್ತು. ಚಂಚಿ ಸಿಗಿಸೋ ನಡ ಬರೇ ಖಾಲಿ.”

ಓಣಿಯ ಕಣ್ಣುಗಳೆಲ್ಲ ನಿಧಾನಕ್ಕೆ ಬಿಳಿ ರುಮಾಲಿನ ಕಡೆಗೆ ತಿರುಗಿದವು. ಯಂಕಣ್ಣ ಚಂಚಿ ಬಿಟ್ಟು ಬಂದದ್ದು ಅವನಲ್ಲೇ, ಇಸ್ಕೊಳ್ಳಲು ಹೋಗಿ ಅದರ ತಂಬಾಕು ಹಾಕಿಕೊಂಡದ್ದೂ ಅಲ್ಲೇ ಇರಬೇಕು. ಆಗಲೇ ಕಾಂಚನಾಳಿಗೆ ಹೊಳೆದದ್ದು. ಎಲ್ಲರೂ ಆಣೆ ಮಾಡಿದರು ಎಂದು ನಿನ್ನೆಯಿಂದ ಓಣಿ ಹೇಳುತ್ತಿತ್ತು. ತಟ್ಟೆ ಹಿಡಿದವನು ಮಾಡಿರಲಿಲ್ಲ. ತಟ್ಟೆ ಹಿಡಿದವನನ್ನು ಯಾರೂ ಕೇಳುವುದಿಲ್ಲ.

ಈಗ ಇದ್ದ ಒಂದೇ ಪುರಾವೆಯನ್ನು ಅವಳು ತನ್ನ ಕೈಯಾರೆ ಅವನ ಕೈಯಲ್ಲಿ ಇಟ್ಟಿದ್ದಳು.

ಶಿವರಾಯ ಸಿಟ್ಟಾಗಲಿಲ್ಲ. ಎದ್ದು ಓಡಲೂ ಇಲ್ಲ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಚಂಚಿ ಬಿಚ್ಚಿ, ಎರಡು ಬೆರಳಿನಿಂದ ಒಂದು ಚಿಟಿಕೆ ತಂಬಾಕು ತೆಗೆದ. ಅಂಗೈಯಲ್ಲಿ ತಿಕ್ಕಿದ. ಹೊಟ್ಟು ಊದಿದ. ಬಾಯಿಗೆ ಹಾಕಿಕೊಂಡು ದವಡೆಯಲ್ಲಿ ಒತ್ತಿ ಅಗಿಯತೊಡಗಿದ.

“ವಕೀಲವ್ವ,” ಎಂದ. “ಭಾಳ ಶ್ಯಾಣ್ಯಾಕಿ ನೀನು. ಬೆರೆಸಿದವ್ರು ತಿನ್ನಂಗಿಲ್ಲ. ಮರಗಮ್ಮ ತಿಂದಳು, ಅಕಿ ಬೆರೆಸಿಲ್ಲ. ಈಗ ಶಿವರಾಯ ತಿಂದ. ಮುಂದಿನ ಮಾತು ನೀನೇ ಹೇಳು.”

ಕಾಂಚನಾ ತಟ್ಟೆಯ ಮೇಲಿನ ಚಂಚಿಯನ್ನೇ ನೋಡಿದಳು. ಅವಳದೇ ವಾಕ್ಯ. ಅವಳೇ ಕಟ್ಟಿದ ಕೋಣೆ. ಒಳಗೆ ಅವಳನ್ನೇ ಹಾಕಿ ಹೊರಗಿನಿಂದ ಚಿಲಕ ಹಾಕಿದ್ದ. ಓಣಿಯ ಕೊನೆಯಲ್ಲಿ ಹವಾಲ್ದಾರನ ಖಾಕಿ ಕಾಣಿಸಿತು.

“ಹೇಳಲ್ಲ?” ಶಿವರಾಯ ಮೀಸೆಯೊಳಗೆ ನಕ್ಕ. “ಹಂಗಾರ ಆಣಿ ಏನಂತದ ಅದೇ ಖರೇ. ಮರಗಮ್ಮ, ತಲಿ ಆಡಿಸು ತಂಗಿ. ಅವನ್ನ ಕೊಂದಾಕಿ ನೀನೇ ಹೌದಲ್ಲೋ?”

ಹೊಸ್ತಿಲ ಒಳಗೆ ಸೆರಗು ಅಲುಗಿತು.



ಮರಗಮ್ಮ ತಲೆಯಾಡಿಸಲಿಲ್ಲ. ಸೆರಗನ್ನು ಹಿಂದಕ್ಕೆ ಸರಿಸಿದಳು. ಒಣಗಿದ ನಾಲಗೆಯನ್ನು ಅಂಗುಳದಿಂದ ಬಿಡಿಸಲು ಎರಡು ಸಲ ನೋಡಿದಳು. ಮೂರನೆಯ ಸಲಕ್ಕೆ ದನಿ ಬಂತು, ಕಲ್ಲಿನ ಮೇಲೆ ಕಲ್ಲು ಎಳೆದಂಥ ದನಿ.

“ನಾ… ಕೊಂದಿಲ್ಲ.”

ಸಾಬವ್ವ ತಲೆಯೆತ್ತಿದಳು.

“ಶಿವರಾಯಣ್ಣ. ನೀ ತಿಂದದ್ದು… ಹೊರಗಿನ ಖಾನಿದು. ಅದು ಮಂದಿಗೆ ಕೊಡಾದು.” ಒಂದೊಂದು ಮಾತಿಗೂ ಅವಳು ಗುಟುಕು ಗಾಳಿ ನುಂಗುತ್ತಿದ್ದಳು. “ಒಳಗ ಇನ್ನೊಂದು ಖಾನಿ ಅದ. ಅದು ಅವರದು. ನಾ ತಿಂದದ್ದು ಅದು. ಒಳಗಿಂದು ತಿನ್ನು.”

ಶಿವರಾಯನ ದವಡೆ ಅಗಿಯುವುದನ್ನು ನಿಲ್ಲಿಸಿತು.

ಮರಗಮ್ಮ ಹೊಸ್ತಿಲು ದಾಟಿ ಬಿಸಿಲಿಗೆ ಬಂದಳು.